ಹಿರೇಬಸರಿಯ ಅಂತರ

ನಮ್ಮ ಜಿಲ್ಲೆಯ ಕೈಪಿಡಿಯಲ್ಲಿ ‘ಭೂವಿವರಣೆ ಮತ್ತು ಆಡಳಿತದ ಇತಿಹಾಸ’ ಎಂಬ ಅಧ್ಯಾಯವನ್ನು ಬರೆದವಳು ನಾನು. ಪುಸ್ತಕದಲ್ಲಿ ನನ್ನ ಹೆಸರಿಲ್ಲ. ಎರಡನೇ ದರ್ಜೆಯ ಗುಮಾಸ್ತೆಯ ಹೆಸರನ್ನು ಯಾರೂ ಅಚ್ಚು ಹಾಕುವುದಿಲ್ಲ, ಅದಕ್ಕೆ ನನಗೆ ಬೇಸರವೂ ಇಲ್ಲ. ಹತ್ತು ವರ್ಷಕ್ಕೊಮ್ಮೆ ಹೊರಬರುವ ಆ ದಪ್ಪ ಪುಸ್ತಕವನ್ನು ಬಿಡಿಸಿ ನೋಡುವವರು ಬೆರಳೆಣಿಕೆಯಷ್ಟು ಜನ. ಆದರೆ ಅದರಲ್ಲಿ ಏನು ಬರೆದಿದೆಯೋ ಸರ್ಕಾರದ ಪಾಲಿಗೆ ಅದೇ ಜಿಲ್ಲೆ. ಹೋದ ಸಲ ಯಾರೋ ಪುಣ್ಯಾತ್ಮರು ಒಂದು ಕೆರೆಯ ಹೆಸರನ್ನು ಬಿಟ್ಟುಬಿಟ್ಟಿದ್ದರು, ಆ ಕೆರೆಗೆ ಹತ್ತು ವರ್ಷ ಹೂಳೆತ್ತುವವರೇ ಇರಲಿಲ್ಲ.

ಹಿಂದೆ ಇದನ್ನು ಬರೆಯುತ್ತಿದ್ದ ಗುಮಾಸ್ತರು ನಿವೃತ್ತರಾಗಿ ಮಗಳ ಮನೆಗೆ ಹೊರಟುಹೋದರು. ನಮ್ಮ ಶಿರಸ್ತೇದಾರರಾದ ಶೇಷಗಿರಿಯಪ್ಪನವರು ಅವರ ಕಟ್ಟುಗಳನ್ನೆಲ್ಲ ತಂದು ನನ್ನ ಮೇಜಿನ ಮೇಲೆ ಧೂಳೆಬ್ಬಿಸಿದರು. “ಬೋರಮ್ಮನೋರೆ, ನೀವು ಹಳ್ಳಿ ಕಡೆಯಿಂದ ಬಂದೋರು, ಜಿಲ್ಲೆ ಕಂಡೋರು. ಬರೆದುಬಿಡಿ” ಎಂದರು. ಹಳ್ಳಿಯವಳು ಎಂಬುದು ಆ ಕಚೇರಿಯಲ್ಲಿ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಶೇಷಗಿರಿಯಪ್ಪನವರು ಕೆಟ್ಟವರಲ್ಲ. ಯಾರ ಹತ್ತಿರವೂ ಒಂದು ಲೋಟ ಕಾಫಿ ಕುಡಿದವರಲ್ಲ. ಆದರೆ ನಿಯಮದ ಪುಸ್ತಕವನ್ನು ದೇವರ ಕೋಣೆಯಲ್ಲಿಟ್ಟು ಪೂಜಿಸುವಂಥ ಆಸಾಮಿ. ಅವರೊಡನೆ ವಾದ ಮಾಡಿ ಗೆದ್ದವರನ್ನು ನಾನು ಆವರೆಗೆ ಕಂಡಿರಲಿಲ್ಲ.

ಭೂವಿವರಣೆ ಸಲೀಸಾಗಿಯೇ ಸಾಗಿತು. ನಮ್ಮ ಜಿಲ್ಲೆ ನಕ್ಷೆಯಲ್ಲಿ ಒಂದು ಕಡೆ ಮುರಿದ ಜೋಳದ ರೊಟ್ಟಿಯ ಹಾಗಿದೆ. ಬಡಗಣ ಎರಡು ತಾಲ್ಲೂಕು ಎರೆ ಭೂಮಿ, ತೆಂಕಣ ಎರಡು ಕೆಮ್ಮಣ್ಣು. ನಡುವೆ ಕುದುರೆಬೆನ್ನು ಎಂಬ ಬೋಳು ಗುಡ್ಡದ ಸಾಲು. ಅದರ ಬುಡದಲ್ಲಿ ಆರು ತಿಂಗಳು ಹರಿದು ಆರು ತಿಂಗಳು ಮರಳಾಗಿ ಬಿದ್ದಿರುವ ಹೊಳೆ. ಆರುನೂರ ಹನ್ನೆರಡು ಗ್ರಾಮಗಳು, ಅದರಲ್ಲಿ ನಲವತ್ತೊಂದರಲ್ಲಿ ಈಗ ಯಾರೂ ವಾಸವಿಲ್ಲ, ಹೆಸರು ಮಾತ್ರ ಉಳಿದಿದೆ. ಇಷ್ಟನ್ನೂ ಹದಿನೈದು ದಿನದಲ್ಲಿ ಬರೆದು ಮುಗಿಸಿದೆ. ನಿಂತದ್ದು ಏಳನೇ ತಖ್ತೆಯಲ್ಲಿ. ಪ್ರತಿ ಗ್ರಾಮದ ಹೆಸರಿನ ಮುಂದೆ ಜಿಲ್ಲಾ ಕೇಂದ್ರಕ್ಕೂ ಅದಕ್ಕೂ ಇರುವ ಅಂತರವನ್ನು ತುಂಬುವ ತಖ್ತೆ ಅದು. ಅಚ್ಚಾದ ನಮೂನೆಯಲ್ಲಿ ಅದಕ್ಕೆ ಇರುವುದು ಒಂದೇ ಕಾಲಂ.

ನಮ್ಮ ಜಿಲ್ಲೆಯಲ್ಲಿ ಜಿಲ್ಲಾ ಕಚೇರಿ ಇರುವ ಪೇಟೆಯಿಂದ ಹಳ್ಳಿಗೆ ಹೋಗುವ ದಾರಿ ಗಿಡ್ಡ, ಹಳ್ಳಿಯಿಂದ ಪೇಟೆಗೆ ಬರುವ ದಾರಿ ಉದ್ದ. ದಾರಿ ಒಂದೇ, ಅವೇ ಹುಣಸೆಮರಗಳು, ಅದೇ ಮೋರಿ. ನನ್ನ ತವರು ಹಿರೇಬಸರಿಯನ್ನೇ ತೆಗೆದುಕೊಳ್ಳಿ. ಪೇಟೆಯಿಂದ ಹೊರಟರೆ ನಾಲ್ಕು ಕಿಲೋಮೀಟರು. ಹಿರೇಬಸರಿಯಿಂದ ಪೇಟೆಗೆ ಹದಿಮೂರು. ಹುಟ್ಟಿದಾಗಿನಿಂದ ಹೀಗೇ ನಡೆದವರಿಗೆ ಇದರಲ್ಲಿ ಬೆರಗಾಗುವಂಥದ್ದೇನೂ ಕಾಣುವುದಿಲ್ಲ. ಬಸ್ಸಿನಲ್ಲಿ ಹೋಗುವುದಕ್ಕೊಂದು ಬಣ್ಣದ ಚೀಟಿ, ಬರುವುದಕ್ಕೊಂದು ಬಣ್ಣದ ಚೀಟಿ. ಹಾಲು ಮಾರುವ ಹೆಂಗಸರು ಕೋಳಿ ಕೂಗುವ ಮುಂಚೆ ಹೊರಟು ಬಿಸಿಲೇರಿದ ಮೇಲೆ ಪೇಟೆ ಮುಟ್ಟಿ, ಖಾಲಿ ಕ್ಯಾನು ಹೊತ್ತು ಎಲೆಯಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮನೆ ಸೇರುತ್ತಾರೆ. ಎತ್ತುಗಳಿಗೂ ಇದು ಗೊತ್ತು. ಪೇಟೆ ಕಡೆಗೆ ಮುಖ ಮಾಡಿಸಿದರೆ ಎರಡು ಬಾಯಿ ಹುಲ್ಲು ಜಾಸ್ತಿ ತಿನ್ನದೆ ಹೆಜ್ಜೆ ಕೀಳುವುದಿಲ್ಲ. ನನಗೆ ತವರಿಗೆ ಹೋಗುವುದೆಂದರೆ ಕಣ್ಣು ಮಿಟುಕಿಸಿದಷ್ಟು ಹೊತ್ತು, ವಾಪಸು ಬರುವುದು ಅರ್ಧ ದಿನದ ಕೆಲಸ. ಎಲ್ಲ ಹೆಣ್ಣುಮಕ್ಕಳೂ ತವರಿನ ದಾರಿಯ ಬಗ್ಗೆ ಹೀಗೇ ಹೇಳುತ್ತಾರೆ, ಆದರೆ ನಾನು ಕಿಲೋಮೀಟರಿನ ಮಾತು ಹೇಳುತ್ತಿದ್ದೇನೆ.

ಅಧಿಕಾರಿಗಳು ಮಾತ್ರ ಇದನ್ನು ಅರಿತವರಲ್ಲ. ಅವರು ಜೀಪಿನಲ್ಲಿ ಹೋಗುತ್ತಾರೆ, ಹಳ್ಳಿಯಲ್ಲಿ ಭರ್ಜರಿ ಊಟ ಮಾಡುತ್ತಾರೆ, ಬರುವಾಗ ನಿದ್ದೆ ಹೋಗುತ್ತಾರೆ. ಎಚ್ಚರವಾದಾಗ ಹೊತ್ತು ಬಹಳ ಆಗಿರುತ್ತದೆ, ಊಟ ಹೆಚ್ಚಾಯಿತು ಅಂದುಕೊಳ್ಳುತ್ತಾರೆ.

ಆಡಳಿತದ ಇತಿಹಾಸ ಬರೆಯಲು ಹಳೆಯ ಕಡತಗಳನ್ನು ಬಿಚ್ಚಿದಾಗ ಈ ಒಂದೇ ಕಾಲಮ್ಮಿನ ಹುಟ್ಟು ತಿಳಿಯಿತು. ಪಾಳೆಯಗಾರರು ಹೋಗಿ ಅಮಲ್ದಾರರು ಬಂದರು, ಅಮಲ್ದಾರರು ಹೋಗಿ ಇಂಗ್ಲಿಷಿನವರು ಅಳತೆಯ ಸರಪಳಿ ಹಿಡಿದು ಬಂದರು, ಅವರು ಹೋಗಿ ನಾವು ಬಂದೆವು. ತಾಲ್ಲೂಕುಗಳು ಎರಡಿದ್ದದ್ದು ಮೂರಾದವು, ಮೂರು ನಾಲ್ಕಾದವು. ಗಡಿ ಬದಲಾಯಿತು, ಮೈಲಿ ಹೋಗಿ ಕಿಲೋಮೀಟರು ಬಂತು. ಬದಲಾಗದೆ ಉಳಿದದ್ದು ಒಂದೇ. ಅಳೆಯಲು ಹೊರಟವರೆಲ್ಲ ಕಚೇರಿಯ ಹೊಸ್ತಿಲಿಂದ ಹೊರಟು, ಹಳ್ಳಿ ಮುಟ್ಟಿ, ಅಂಕಿ ಬರೆದುಕೊಂಡು, ಅಳತೆಯ ಸಾಮಾನನ್ನು ಗಾಡಿಗೆ ಹಾಕಿ ವಾಪಸಾಗಿದ್ದರು. ಹೋದಷ್ಟೇ ದೂರ ಬರಬೇಕಲ್ಲ, ಎರಡೆರಡು ಸಲ ಅಳೆಯುವುದೇಕೆ ಎಂಬುದು ಅವರ ಲೆಕ್ಕ. ನೂರು ವರ್ಷ ಹೀಗೇ ನಡೆದಿದೆ.

ಒಂದು ಕಡತ ಮಾತ್ರ ಬೇರೆ ಥರ ಇತ್ತು. ಗಡ್ಡದ ನಾಯಕನೆಂಬ ಪಾಳೆಯಗಾರ ನಮ್ಮ ಹಿರೇಬಸರಿಯಲ್ಲೇ ಕೋಟೆ ಕಟ್ಟಿಕೊಂಡು ಆಳುತ್ತಿದ್ದ ಕಾಲದ ಕೈಫಿಯತ್ತು, ಅಂದರೆ ಊರಿನ ಹಳೆಯ ವೃತ್ತಾಂತ ಅದು. ಅದರಲ್ಲಿ ಪೇಟೆಯ ವರ್ತಕರ ಒಂದು ಬಿನ್ನಹವಿತ್ತು. ತಮ್ಮ ದಂಡು ಹಿರೇಬಸರಿಯಿಂದ ಗಳಿಗೆಯೊಳಗೆ ನಮ್ಮ ಪೇಟೆಗೆ ಬಂದುಬಿಡುತ್ತದೆ, ನಾವು ತಮ್ಮ ಪಾದ ಕಾಣಲು ಹೊರಟರೆ ಒಂದು ಹಗಲು ಹಿಡಿಯುತ್ತದೆ, ದೊರೆ ದಯೆ ಮಾಡಬೇಕು ಎಂದು. ಓದಿ ನಕ್ಕೆ. ಬರೆದವನು ಊರುಗಳ ಹೆಸರನ್ನು ಹಿಂದುಮುಂದು ಮಾಡಿದ್ದಾನೆ, ಉದ್ದದ ದಾರಿ ಯಾವುದೆಂದು ನನಗೆ ಗೊತ್ತಿಲ್ಲವೇ ಎಂದುಕೊಂಡು, ನನ್ನ ಅಧ್ಯಾಯದಲ್ಲಿ ಆ ತಪ್ಪನ್ನು ತಿದ್ದಿ ಬರೆದೆ. ತಿದ್ದಿದ್ದಕ್ಕೆ ಸ್ವಲ್ಪ ಹೆಮ್ಮೆಯೂ ಪಟ್ಟೆ.

ಅದೇ ವಾರ ತವರಿಗೆ ಹೋಗಿದ್ದೆ. ನನ್ನ ಅಣ್ಣ ಪಾಲಯ್ಯನ ಮಗಳು ದಾಕ್ಷಾಯಿಣಿ ಏಳನೇ ಕ್ಲಾಸು ಪಾಸಾಗಿದ್ದಳು. ಅವಳ ಜೊತೆ ಇನ್ನೂ ಹತ್ತು ಹುಡುಗಿಯರು. ಹಿರೇಬಸರಿಯಲ್ಲಿ ಒಂದೇ ವರ್ಷ ಹನ್ನೊಂದು ಹುಡುಗಿಯರು ಏಳನೇ ಕ್ಲಾಸು ದಾಟಿದ್ದು ಅದೇ ಮೊದಲು. ಆದರೆ ಪ್ರೌಢಶಾಲೆ ಇರುವುದು ಪೇಟೆಯಲ್ಲಿ. ನಾನು ಪೆನ್ನು, ಜಾಮಿಟ್ರಿ ಪೆಟ್ಟಿಗೆ ತೆಗೆದುಕೊಂಡು ಹೋಗಿದ್ದೆ. ಅಣ್ಣ ಅವನ್ನು ನೋಡಿ ತಲೆ ತಗ್ಗಿಸಿದ.

“ಇದ್ಯಾಕೆ ತಂದೆ ಬೋರಿ. ಹದಿಮೂರು ಕಿಲೋಮೀಟ್ರು ದಿನಾ ಯಾರು ಕರ್ಕೊಂಡೋಗ್ತಾರೆ. ಬಸ್ಸು ಪೇಟೆ ಮುಟ್ಟೋದು ಹನ್ನೊಂದಕ್ಕೆ, ಸ್ಕೂಲು ಸುರುವಾಗೋದು ಹತ್ತಕ್ಕೆ. ನಿನ್ನ ಕಾಲಕ್ಕೆ ಅಪ್ಪ ಇದ್ದ, ನಡೆದ. ನಾನು ಹೊಲ ಬಿಟ್ಟು ಹೆಂಗೆ ನಡೀಲಿ?”

ಅವನು ಹೇಳಿದ್ದು ಸುಳ್ಳಲ್ಲ. ಮೂರು ವರ್ಷ ಬೆಳ್ಳಿ ಮೂಡುವ ಹೊತ್ತಿಗೆ ಅಪ್ಪ ನನ್ನನ್ನು ಎಬ್ಬಿಸಿ, ರೊಟ್ಟಿ ಕಟ್ಟಿಕೊಂಡು, ನನ್ನ ಜೊತೆ ನಡೆದಿದ್ದ. ಮೊದಲ ಎರಡು ಪಿರಿಯಡ್ಡು ನಾನು ಬೆಂಚಿನ ಮೇಲೆ ಮಲಗಿ ಬಿಡುತ್ತಿದ್ದೆ, ಮೇಷ್ಟರು ಪಾಪ ಎಂದು ಸುಮ್ಮನಿರುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿ ಮುಗಿಸುವ ಹೊತ್ತಿಗೆ ಅಪ್ಪನ ಮೊಣಕಾಲು ಮುಗಿದಿತ್ತು. ನನ್ನ ನಂತರ ಆ ಊರಿನಿಂದ ಇನ್ನೊಬ್ಬ ಹುಡುಗಿ ಎಸ್ಸೆಸ್ಸೆಲ್ಸಿ ಮಾಡಿಲ್ಲ. ಅಣ್ಣ ಮುಂದಿನದನ್ನು ಹೇಳಲಿಲ್ಲ, ಅತ್ತಿಗೆ ಹೇಳಿದಳು. ಎರಡು ವರ್ಷ ಮನೆಯಲ್ಲಿಟ್ಟುಕೊಂಡು ಆಮೇಲೆ ಗಂಡು ನೋಡುವುದೆಂದು ಮಾತಾಗಿತ್ತು.

ದಾಕ್ಷಿ ಅಳಲಿಲ್ಲ. ಅವಳು ಅಳುವ ಜಾತಿಯಲ್ಲ. ಜಾಮಿಟ್ರಿ ಪೆಟ್ಟಿಗೆ ತೆಗೆದು ಕೈವಾರದ ಮೊನೆ ಮುಟ್ಟಿ ನೋಡುತ್ತ ಕೇಳಿದಳು, “ಅತ್ತೆ, ನಿಮ್ ಕಚೇರಿ ಪುಸ್ತಕದಾಗೆ ನಮ್ಮೂರು ಎಷ್ಟು ದೂರ ಐತೆ?”

“ನಾಲ್ಕು ಕಿಲೋಮೀಟರು” ಎಂದೆ.

“ಹಂಗಾದ್ರೆ ನಾನು ಪುಸ್ತಕದಾಗಿನ ದಾರೀಲೇ ಹೋಗಿಬರ್ತೀನಿ ಬಿಡಿ” ಎಂದಳು.

ನನಗೆ ಅದು ಕೆನ್ನೆಗೆ ಹೊಡೆದ ಹಾಗಾಯಿತು. ಯಾಕೆಂದರೆ ಆ ವರ್ಷ ಸರ್ಕಾರ ಹೊಸ ಪ್ರೌಢಶಾಲೆಗಳನ್ನು ಕೊಡುವುದಿತ್ತು, ಅದಕ್ಕೊಂದು ನಿಯಮವಿತ್ತು. ಹತ್ತಿರದ ಪ್ರೌಢಶಾಲೆ ಐದು ಕಿಲೋಮೀಟರಿಗಿಂತ ದೂರವಿದ್ದ ಊರಿಗೆ ಮಾತ್ರ ಶಾಲೆ. ದೂರವನ್ನು ಸಮಿತಿಯವರು ಜಿಲ್ಲಾ ಕೈಪಿಡಿಯಲ್ಲಿ ನೋಡುತ್ತಾರೆ. ಕೈಪಿಡಿ ಬರೆಯುತ್ತಿರುವವಳು ನಾನು, ಏಳನೇ ತಖ್ತೆಯಲ್ಲಿ ಹಿರೇಬಸರಿಯ ಮುಂದೆ ನಾಲ್ಕು ಎಂದು ಹಳೆಯ ಪುಸ್ತಕದಿಂದ ನಕಲು ಮಾಡಿ ಬಂದವಳೂ ನಾನೇ.

ಸೋಮವಾರ ಶೇಷಗಿರಿಯಪ್ಪನವರ ಮುಂದೆ ನಿಂತೆ. ನಾಲ್ಕನ್ನು ಹೊಡೆದು ಹದಿಮೂರು ಬರೆಯಬೇಕು ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. “ನೀವು ಹೇಳೋದು ನಂಗೊತ್ತಿಲ್ಲ ಅಂತಲ್ಲ. ಆದ್ರೆ ಕಾಲಂ ಒಂದೇ ಇದೆ. ಅಳತೆ ಹೇಗೆ ಮಾಡ್ಬೇಕು ಅಂತ ಸರ್ವೆ ಕೈಪಿಡೀಲಿದೆ. ಅಧಿಕಾರಿಯ ಪೀಠ ಎಲ್ಲಿದೆಯೋ ಅಲ್ಲಿಂದ ಅಳತೆ ಸುರು ಮಾಡತಕ್ಕದ್ದು. ಪೀಠ ಇಲ್ಲಿದೆ. ಇಲ್ಲಿಂದ ನಾಲ್ಕು.”

“ಮಕ್ಕಳು ಅಲ್ಲಿಂದ ಬರಬೇಕು ಸಾರ್.”

“ಮಕ್ಕಳಿಗೆ ಪೀಠ ಇಲ್ಲವಲ್ಲ ಬೋರಮ್ಮನೋರೆ” ಎಂದರು. ಕೊಂಕಿನಿಂದ ಹೇಳಿದ್ದಲ್ಲ, ಬೇಸರದಿಂದಲೇ ಹೇಳಿದರು. ಹಾಗೆ ಹೇಳಿದ್ದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

ಆ ಸಿಟ್ಟನ್ನು ಇಳಿಸಿದವರು ಸರ್ವೆ ಶಾಖೆಯ ಗೌಸ್ ಸಾಹೇಬರು. ನಿವೃತ್ತಿಗೆ ಒಂದೂಕಾಲು ವರ್ಷ ಬಾಕಿಯಿದ್ದ ತೆಳ್ಳನೆಯ ಮನುಷ್ಯ, ಜಿಲ್ಲೆಯ ಅಳತೆಯ ಚಕ್ರ ಅವರ ಸುಪರ್ದಿಯಲ್ಲಿತ್ತು. ಸೈಕಲ್ಲಿನಂಥ ಒಂದೇ ಚಕ್ರ, ಅದಕ್ಕೊಂದು ಹಿಡಿ, ಹಿಡಿಯ ಬಳಿ ಎಷ್ಟು ಉರುಳಿತೆಂದು ತೋರಿಸುವ ಗಡಿಯಾರ. ಅವರು ಮಧ್ಯಾಹ್ನ ಬುತ್ತಿ ಬಿಚ್ಚುತ್ತ ಹೇಳಿದರು, “ಪೀಠ ಎಲ್ಲಿದೆಯೋ ಅಲ್ಲಿಂದ ಅಂತಲ್ಲವೇನಮ್ಮ ನಿಯಮ? ಪೀಠವೇನು ಬೇರು ಬಿಟ್ಟಿದೆಯೆ? ಜಿಲ್ಲಾಧಿಕಾರಿ ಸಾಹೇಬರು ಎಲ್ಲಿ ಮೊಕ್ಕಾಂ ಮಾಡ್ತಾರೋ ಆವತ್ತು ಅದೇ ಕಚೇರಿ. ಹಿರೇಬಸರಿಯಲ್ಲಿ ಒಂದು ದಿವಸ ಕುರ್ಚಿ ಹಾಕಿಸಿ. ಅಲ್ಲಿಂದ ಇಲ್ಲಿಗೆ ನಾನು ಚಕ್ರ ಉರುಳಿಸ್ತೀನಿ.”

ನಾನು ಅವರ ಕಾಲು ಮುಟ್ಟುವುದೊಂದು ಬಾಕಿ. ನಮ್ಮ ಜಿಲ್ಲಾಧಿಕಾರಿಗಳು ಬೇರೆ ಸೀಮೆಯಿಂದ ಹೊಸದಾಗಿ ಬಂದ ಯುವಕರು, ತಿಂಗಳಿಗೊಂದು ಹಳ್ಳಿಯಲ್ಲಿ ಮೊಕ್ಕಾಂ ಮಾಡಬೇಕೆಂಬ ಸುತ್ತೋಲೆಯೂ ಇತ್ತು. ಯಾವ ಹಳ್ಳಿ ಎಂದು ಬರೆಯುವ ಟಿಪ್ಪಣಿ ನನ್ನ ಮೇಜಿಗೇ ಬಂತು. ಹಿರೇಬಸರಿ ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಕೈಪಿಡಿಯ ಕರಡು ಮೊಕ್ಕಾಮಿನ ಮಾರನೆಯ ದಿನ ಅಚ್ಚಿಗೆ ಹೋಗುವುದಿತ್ತು. ಶಿರಸ್ತೇದಾರರು ಅದನ್ನು ಮೊಕ್ಕಾಮಿಗೆ ತಂದು ಅಲ್ಲಿಯೇ ಸಹಿ ಮಾಡಿಸುವುದೆಂದು ಗೊತ್ತಾಯಿತು.

ಮೊಕ್ಕಾಮಿನ ದಿನ ಬೆಳಿಗ್ಗೆ ಒಂಬತ್ತಕ್ಕೆಲ್ಲ ಜಿಲ್ಲಾಧಿಕಾರಿಗಳು ಬಂದು ಹಿರೇಬಸರಿಯ ಚಾವಡಿಯ ಜಗಲಿಯಲ್ಲಿ ಕುರ್ಚಿಯ ಮೇಲೆ ಕೂತರು. ಹಾಜರಿ ಪುಸ್ತಕಕ್ಕೆ ಸಹಿಯಾಯಿತು, ಮೊಹರು ಮೇಜಿನ ಮೇಲೆ ಬಂತು, ಅಲ್ಲಿಗೆ ಅದು ಜಿಲ್ಲಾ ಕಚೇರಿಯಾಯಿತು. ಗೌಸ್ ಸಾಹೇಬರು ಕುರ್ಚಿಯ ಕಾಲಿಗೆ ಚಕ್ರ ತಾಗಿಸಿ, ಗಡಿಯಾರವನ್ನು ಸೊನ್ನೆಗೆ ತಂದು, ಬಿಸ್ಮಿಲ್ಲಾ ಎಂದು ಹೊರಟರು. ಹನ್ನೊಂದು ಹುಡುಗಿಯರೂ ಊರ ಬಾಗಿಲವರೆಗೆ ಅವರ ಹಿಂದೆ ಹೋಗಿ ಬಂದರು. ಏನೆಂದು ನಾನು ದಾಕ್ಷಿಗೆ ಹೇಳಿರಲಿಲ್ಲ, ಆದರೆ ಅವಳಿಗೆ ಅಂದಾಜಾಗಿತ್ತು. ಗೌಸ್ ಸಾಹೇಬರು ಹದಿಮೂರು ಕಿಲೋಮೀಟರು ಹೋಗಿ ನಾಲ್ಕು ಬರುವಷ್ಟರಲ್ಲಿ ಮಧ್ಯಾಹ್ನದ ಮೂರು ಗಂಟೆಯಾದರೂ ಆಗುತ್ತದೆ ಎಂದು ಲೆಕ್ಕ ಹಾಕಿ ನಾನು ಅರ್ಜಿಗಳನ್ನು ಜೋಡಿಸತೊಡಗಿದೆ.

ಹತ್ತೂವರೆಗೆ ಸೈಕಲ್ಲಿನಲ್ಲಿ ಬರುತ್ತೇನೆಂದಿದ್ದ ಶೇಷಗಿರಿಯಪ್ಪನವರು ಹನ್ನೆರಡಾದರೂ ಬರಲಿಲ್ಲ. ಪೇಟೆಯ ಅರ್ಜಿದಾರರೂ ಇಲ್ಲ. ಪೇಟೆಯಿಂದ ಹನ್ನೆರಡಕ್ಕೆ ಬರಬೇಕಿದ್ದ ಬಸ್ಸು ಒಂದೂವರೆಗೆ ಬಂತು. ಕಂಡಕ್ಟರು ಇಳಿದವನೇ ಚೀಟಿಯ ಕಟ್ಟನ್ನು ನೋಡುತ್ತ, “ಇವತ್ತೇನೋ ದಾರಿ ಎಳೀತಾ ಐತೆ ಕಣಕ್ಕ. ಡ್ರೈವರ್ರು ಎರಡು ಸಲ ಊರು ದಾಟಿ ಬಂದ್ವಾ ಅಂತ ಕೇಳ್ದ” ಎಂದ. ನಾನು ಅರ್ಜಿಗಳನ್ನು ಬಿಟ್ಟು ಎದ್ದು ಊರ ಬಾಗಿಲ ಕಡೆ ನೋಡಿದೆ.

ಮೂರೂವರೆಗೆ ಇಬ್ಬರೂ ಜೊತೆಯಾಗಿ ಬಂದರು. ಮುಂದೆ ಗೌಸ್ ಸಾಹೇಬರು ಚಕ್ರ ಉರುಳಿಸಿಕೊಂಡು, ಹಿಂದೆ ಶೇಷಗಿರಿಯಪ್ಪನವರು ಪಂಕ್ಚರಾದ ಸೈಕಲ್ಲನ್ನು ತಳ್ಳಿಕೊಂಡು. ಅವರ ಕೋಟು ಹ್ಯಾಂಡಲಿನ ಮೇಲೆ ನೇತಾಡುತ್ತಿತ್ತು, ಕಿತ್ತುಹೋದ ಒಂದು ಚಪ್ಪಲಿ ಕ್ಯಾರಿಯರಿನಲ್ಲಿತ್ತು, ಅಂಗಿ ಬೆವರಿಗೆ ಮೈಗಂಟಿತ್ತು. ಕೈಪಿಡಿಯ ಕಟ್ಟನ್ನು ಮಾತ್ರ ಒಂದು ಕೈಯಿಂದ ಎದೆಗವಚಿಕೊಂಡಿದ್ದರು. ಜಗಲಿಯ ಮೇಲೆ ಧೊಪ್ಪನೆ ಕೂತು, “ಇದೆಂಥ ದಾರಿ ಮಾರಾಯ್ರೆ” ಎಂದಷ್ಟೇ ಹೇಳಿ ಕಣ್ಣು ಮುಚ್ಚಿದರು.

ನಾನು ಗೌಸ್ ಸಾಹೇಬರ ಮುಖ ನೋಡಿದೆ. ಅವರು ತಲೆಯಾಡಿಸಿದರು. “ಇಲ್ಲಿಂದ ಪೇಟೆಗೆ ನಾಲ್ಕು ಕಣಮ್ಮ. ಒಂದು ಗಂಟೇಲಿ ಮುಟ್ಟಿಬಿಟ್ಟೆ. ನಂಬಿಕೆ ಬರಲಿಲ್ಲ. ಅದಕ್ಕೇ ಬರುವಾಗ ಚಕ್ರ ಎತ್ತಿಕೊಳ್ಳಲಿಲ್ಲ, ಮತ್ತೆ ಸೊನ್ನೆಯಿಂದ ಉರುಳಿಸಿಕೊಂಡೇ ಬಂದೆ. ಬರೋದು ಹದಿಮೂರು. ಅರ್ಧ ದಾರೀಲಿ ಇವರು ಕಲ್ಲಿನ ಮೇಲೆ ಕೂತಿದ್ದರು.”

ಹಳೆಯ ಕೈಫಿಯತ್ತು ನನಗೆ ಆಗ ಅರ್ಥವಾಯಿತು. ಬರೆದವನು ತಪ್ಪು ಮಾಡಿರಲಿಲ್ಲ, ತಿದ್ದಿದವಳು ಮಾಡಿದ್ದೆ. ದಾರಿ ಪೇಟೆಯ ಕಡೆಯದೂ ಅಲ್ಲ, ಹಳ್ಳಿಯ ಕಡೆಯದೂ ಅಲ್ಲ. ಕುರ್ಚಿ ಎಲ್ಲಿದೆಯೋ ಅಲ್ಲಿಂದ ಹೊರಟವರಿಗೆ ಅದು ಗಿಡ್ಡ, ಕುರ್ಚಿಯ ಕಡೆಗೆ ನಡೆಯುವವರಿಗೆ ಉದ್ದ. ಗಡ್ಡದ ನಾಯಕ ಇಲ್ಲಿ ಕೂತಿದ್ದಾಗ ಪೇಟೆಯವರು ಹಗಲೆಲ್ಲ ನಡೆದಿದ್ದರು. ಇವತ್ತು ಜಿಲ್ಲಾಧಿಕಾರಿಗಳು ಇಲ್ಲಿ ಕೂತಿದ್ದರು, ಶೇಷಗಿರಿಯಪ್ಪನವರು ನಡೆದಿದ್ದರು. ಪೀಠದಿಂದ ಅಳೆಯಬೇಕೆಂಬ ನಿಯಮ ಇರುವವರೆಗೆ ಪೀಠವನ್ನು ಆಕಾಶದಲ್ಲಿಟ್ಟರೂ ನಾಲ್ಕೇ ಬರುತ್ತದೆ. ನನ್ನ ಜಾಣತನವೆಲ್ಲ ನೀರಿನಲ್ಲಿ ಹೋಮವಾಗಿತ್ತು. ಕಂಬಕ್ಕೊರಗಿ ನಿಂತಿದ್ದ ದಾಕ್ಷಿಯನ್ನು ನೋಡುವ ಧೈರ್ಯ ನನಗಾಗಲಿಲ್ಲ.

ಜಿಲ್ಲಾಧಿಕಾರಿಗಳು ಏನು ವಿಷಯ ಎಂದು ಕೇಳಿದರು. ನಾನು ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದೆ, ಕೈಫಿಯತ್ತನ್ನು ತಿದ್ದಿದ್ದನ್ನೂ ಹೇಳಿದೆ. ಹೇಳುವಾಗ ಸರ್ಕಾರಿ ನೌಕರಿಯವಳು ಎಂಬುದನ್ನು ಮರೆತು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಅವರು ಪುಸ್ತಕದಿಂದ ಕಲಿತ ಕನ್ನಡದಲ್ಲಿ, “ಹಾಗಾದರೆ ನಾನು ಇಷ್ಟು ದಿವಸ ಬರುವಾಗ ನಿದ್ರಿಸುತ್ತಿದ್ದೆನು” ಎಂದರು. ಆಮೇಲೆ ಶಿರಸ್ತೇದಾರರ ಕಡೆ ತಿರುಗಿದರು. “ಕಾಲಮ್ಮಿನಲ್ಲಿ ಯಾವ ಸಂಖ್ಯೆಯನ್ನು ಬರೆಯತಕ್ಕದ್ದು?”

“ನಿಯಮದ ಪ್ರಕಾರ ನಾಲ್ಕು ಸಾರ್” ಎಂದರು ಶೇಷಗಿರಿಯಪ್ಪನವರು, ಕಣ್ಣು ಮುಚ್ಚಿಕೊಂಡೇ.

ದಾಕ್ಷಿ ಒಳಗೆ ಹೋಗಿ ಒಂದು ಚೊಂಬು ನೀರು ತಂದು ಅವರ ಮುಂದೆ ಹಿಡಿದಳು. ಅವರು ಗಟಗಟನೆ ಕುಡಿದು, ಇನ್ನೊಂದು ಚೊಂಬು ಕೇಳಿ, ಅದರಲ್ಲಿ ಅರ್ಧವನ್ನು ಕಾಲಿನ ಮೇಲೆ ಸುರಿದುಕೊಂಡರು. ಅಂಗಾಲಿನಲ್ಲಿ ಬೊಬ್ಬೆ ಎದ್ದಿತ್ತು.

“ಎಷ್ಟನೇ ಕ್ಲಾಸಮ್ಮ?” ಎಂದರು.

“ಏಳು ಪಾಸಾಗೈತೆ ಸಾ.”

“ಮುಂದೆ?”

“ನೀವು ಇವತ್ತು ನಡೆದ್ರಲ್ಲ ಸಾ, ಅದನ್ನ ದಿನಾ ನಡೀಬೇಕು” ಎಂದಳು. ಅಷ್ಟೇ ಹೇಳಿದ್ದು. ಚೊಂಬು ತೆಗೆದುಕೊಂಡು ಒಳಗೆ ಹೋದಳು.

ಶೇಷಗಿರಿಯಪ್ಪನವರು ತಮ್ಮ ಅಂಗಾಲನ್ನು ನೋಡಿಕೊಂಡರು. ಆಮೇಲೆ ಕಟ್ಟು ಬಿಚ್ಚಿ ಏಳನೇ ತಖ್ತೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಸರ್ವೆ ಕೈಪಿಡಿಯನ್ನೂ ತಂದಿದ್ದರು, ಅದಿಲ್ಲದೆ ಅವರು ಮದುವೆಗೂ ಹೋಗುವವರಲ್ಲ. ಆ ಪುಟ ತೆಗೆದು ಬೆರಳಿಟ್ಟು ಓದಿದರು, ಇನ್ನೊಮ್ಮೆ ಓದಿದರು. “ಗೌಸ್ ಸಾಹೇಬರೆ, ಅಳತೆ ಪೀಠದಿಂದ ಸುರು ಮಾಡತಕ್ಕದ್ದು ಅಂತ ಇದೆ. ಎಲ್ಲಿ ನಿಲ್ಲಿಸತಕ್ಕದ್ದು ಅಂತ ಏನೂ ಹೇಳಿಲ್ಲ. ನೀವು ಕುರ್ಚಿಯ ಕಾಲಿನಿಂದ ಹೊರಟಿರಿ, ಹೌದೆ?”

“ಹೌದು.”

“ಚಕ್ರ ಎಲ್ಲೂ ನೆಲದಿಂದ ಎತ್ತಲಿಲ್ಲ?”

“ಎತ್ತಲಿಲ್ಲ. ನೇರ ಕುರ್ಚಿಯ ಕಾಲಿಗೇ ತಂದು ನಿಲ್ಲಿಸಿದ್ದೇನೆ.”

“ಹಾಗಾದ್ರೆ ಪೀಠದಿಂದ ಹೊರಟು ಪೀಠಕ್ಕೆ ಮುಟ್ಟಿದ ಅಳತೆ ಹದಿನೇಳು ಕಿಲೋಮೀಟರು. ದಾರಿ ಎರಡು ಸಲ ತುಳಿದದ್ದರಿಂದ ಎರಡರಿಂದ ಭಾಗಿಸಬೇಕು.” ಪೆನ್ನು ತೆಗೆದರು. ನಾಲ್ಕನ್ನು ಒಂದು ಗೆರೆಯಿಂದ ಹೊಡೆದು, ಪಕ್ಕದಲ್ಲಿ ಎಂಟೂವರೆ ಎಂದು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದು, ಚಿಕ್ಕ ಸಹಿ ಹಾಕಿದರು. “ಒಂದು ಕಾಲಂ, ಒಂದು ಸಂಖ್ಯೆ. ಆಡಿಟ್ಟಿನವರು ಬಂದರೆ ನಾನು ಉತ್ತರ ಹೇಳ್ತೇನೆ.”

ನಾನು ಆ ಸಂಖ್ಯೆಯನ್ನೇ ನೋಡುತ್ತ ನಿಂತೆ. ಹಿರೇಬಸರಿಗೂ ಪೇಟೆಗೂ ನಡುವೆ ಎಂಟೂವರೆ ಕಿಲೋಮೀಟರನ್ನು ಯಾರೂ ಯಾವತ್ತೂ ನಡೆದಿಲ್ಲ, ನಡೆಯುವುದೂ ಇಲ್ಲ. ಅದು ಸುಳ್ಳು. ಆದರೆ ನಾಲ್ಕು ಇದಕ್ಕಿಂತ ದೊಡ್ಡ ಸುಳ್ಳಾಗಿತ್ತು, ಅದರ ಮೇಲೆ ನೂರು ವರ್ಷದ ಮೊಹರಿತ್ತು. ಎಂಟೂವರೆ ಐದಕ್ಕಿಂತ ಹೆಚ್ಚು ಎಂಬುದು ನನ್ನ ತಲೆಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಳೆದ ಮೇಲೆ ಶೇಷಗಿರಿಯಪ್ಪನವರ ಮುಖ ನೋಡಿದೆ. ಅವರು ಕಿತ್ತುಹೋದ ಚಪ್ಪಲಿಗೆ ದಾರ ಸಿಗುತ್ತದೆಯೇ ಎಂದು ಅಣ್ಣನನ್ನು ವಿಚಾರಿಸುತ್ತಿದ್ದರು. ಜಿಲ್ಲಾಧಿಕಾರಿಗಳು ತಖ್ತೆಗೆ ಸಹಿ ಮಾಡಿ, ಅದರ ಕೆಳಗೆ ಹೋಗುವ ದೂರ, ಬರುವ ದೂರ ಎರಡನ್ನೂ ಒಂದು ಅಡಿಟಿಪ್ಪಣಿಯಲ್ಲಿ ಹಾಕಲು ನನಗೆ ಹೇಳಿದರು. ಆ ಟಿಪ್ಪಣಿ ಪುಸ್ತಕದ ಎಂಬತ್ತನಾಲ್ಕನೇ ಪುಟದಲ್ಲಿದೆ. ಆವತ್ತು ಅವರು ಪೇಟೆಗೆ ನಾಲ್ಕೇ ಕಿಲೋಮೀಟರಿನಲ್ಲಿ ವಾಪಸಾದರು. ಆ ಒಂದು ದಿನ ಜಿಲ್ಲೆಯ ಮಿಕ್ಕ ದಾರಿಗಳು ಏನೇನು ಆಟ ಆಡಿದವೋ, ಒಂದು ವಾರ ತಕರಾರು ಅರ್ಜಿಗಳು ಬರುತ್ತಲೇ ಇದ್ದವು. ಅವನ್ನೆಲ್ಲ ನಾನೇ ಕಡತಕ್ಕೆ ಹಾಕಿದೆ.

ಸಮಿತಿಯವರು ಕೈಪಿಡಿ ತೆರೆದರು, ಎಂಟೂವರೆಯನ್ನು ನೋಡಿದರು, ಹಿರೇಬಸರಿಯನ್ನು ಪಟ್ಟಿಗೆ ಹಾಕಿದರು. ಕಾಗದಪತ್ರ ಓಡಾಡಿ ಮುಗಿಯುವಷ್ಟರಲ್ಲಿ ಒಂದು ವರ್ಷವೇ ಕಳೆಯಿತು. ಆ ವರ್ಷ ದಾಕ್ಷಿ ಮತ್ತು ಮಿಕ್ಕ ಹುಡುಗಿಯರು ಮನೆಯಲ್ಲೇ ಇದ್ದರು. ಗಂಡು ನೋಡುವ ಮಾತನ್ನು ಅಣ್ಣ ಮುಂದಕ್ಕೆ ತಳ್ಳುತ್ತಲೇ ಬಂದ, ಅದಕ್ಕಾಗಿ ಅವನ ಮೇಲೆ ನನಗಿದ್ದ ಕೋಪವನ್ನೆಲ್ಲ ಬಿಟ್ಟುಬಿಟ್ಟೆ. ಜೂನ್ ತಿಂಗಳಲ್ಲಿ ಅದೇ ಚಾವಡಿಯಲ್ಲಿ ಎಂಟನೇ ಕ್ಲಾಸು ಶುರುವಾಯಿತು. ಫಿಲೋಮಿನಾ ಎಂಬವರು ಹೆಡ್‌ಮಿಸ್ಟ್ರೆಸ್ಸಾಗಿ ಬಂದರು. ನಮ್ಮ ಕಚೇರಿಯ ಉಗ್ರಾಣದಿಂದ ಅವರಿಗೊಂದು ಮೇಜು, ತೋಳಿರುವ ಕುರ್ಚಿ, ಶಾಲೆಯ ಹೆಸರಿನ ಮೊಹರು ಕಳಿಸಿದೆವು. ಹನ್ನೊಂದಕ್ಕೆ ಹನ್ನೊಂದು ಹುಡುಗಿಯರೂ ಹೆಸರು ಬರೆಸಿದರು. ಮೊದಲ ದಿನ ನಾನು ರಜೆ ಹಾಕಿ ಹೋಗಿ, ಹಾಜರಿ ಕೂಗುವುದನ್ನು ಬಾಗಿಲಲ್ಲಿ ನಿಂತು ಕೇಳಿದೆ. ಬೆಳಿಗ್ಗೆ ಹತ್ತು ಗಂಟೆಗೆ ಒಬ್ಬರೂ ತೂಕಡಿಸುತ್ತಿರಲಿಲ್ಲ. ನನಗೆ ಅಪ್ಪನ ನೆನಪಾಗಿ ಅಲ್ಲಿ ನಿಲ್ಲಲಾಗಲಿಲ್ಲ.

ಎರಡು ತಿಂಗಳಾದ ಮೇಲೆ ಹಾಲಿನ ಹೆಂಗಸರು ಒಂದು ಸುದ್ದಿ ತಂದರು. ಪೇಟೆ ಮೊದಲಿಗಿಂತ ಬೇಗ ಸಿಗುತ್ತಿದೆ, ಬಿಸಿಲೇರುವ ಮುಂಚೆಯೇ ಹಾಲು ಹಾಕಿ ಮುಗಿಯುತ್ತಿದೆ ಎಂದು. ಕಚೇರಿಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗೌಸ್ ಸಾಹೇಬರು ಮಾತ್ರ ತಮ್ಮ ನಿವೃತ್ತಿಯ ಹಿಂದಿನ ವಾರ ಚಕ್ರ ತೆಗೆದುಕೊಂಡು ಹೋಗಿ ಹಿರೇಬಸರಿಯಿಂದ ಪೇಟೆಗೆ ಉರುಳಿಸಿದರು. ಹನ್ನೆರಡೂಕಾಲು. ಮಾರನೆಯ ದಿನ ಮತ್ತೆ ಹೋಗಿ ಉರುಳಿಸಿದರು. ಹನ್ನೆರಡೂಕಾಲೇ. ಮುಕ್ಕಾಲು ಕಿಲೋಮೀಟರು ಎಲ್ಲಿ ಹೋಯಿತೆಂದು ಇಬ್ಬರೂ ಮುಖ ಮುಖ ನೋಡಿಕೊಂಡೆವು. ಶೇಷಗಿರಿಯಪ್ಪನವರು ಕೇಳಿಸಿಕೊಂಡು, “ಹೀಗೇ ಕಡಿಮೆಯಾಗ್ತಾ ಐದರ ಕೆಳಗೆ ಬಂದ್ರೆ ಶಾಲೆ ಕಿತ್ಕೋತಾರೆ, ಬಾಯಿ ಮುಚ್ಕೊಂಡಿರಿ” ಎಂದು ಗದರಿಸಿದರು. ಗದರಿಸುವಾಗ ನಗುತ್ತಿದ್ದರು.

ಆ ಭಾನುವಾರ ಗೌಸ್ ಸಾಹೇಬರನ್ನು ಕರೆದುಕೊಂಡು ತವರಿಗೆ ಹೋದೆ. ಅತ್ತಿಗೆ ಅವರಿಗೆಂದು ಶಾವಿಗೆ ಪಾಯಸ ಮಾಡಿದ್ದಳು. ಊಟವಾದ ಮೇಲೆ ಜಗಲಿಯಲ್ಲಿ ಕೂತು ಅವರು ಅಳತೆಯ ವಿಷಯ ಹೇಳಿದರು. ದಾಕ್ಷಿ ಹೋಂವರ್ಕು ಬರೆಯುತ್ತಿದ್ದವಳು ಪೆನ್ಸಿಲು ನಿಲ್ಲಿಸಿದಳು.

“ಹೆಡ್ ಮೇಡಮ್ಮೋರ ಕುರ್ಚಿ ಬಂದಿದ್ದಕ್ಕೆ ಕಡಿಮೆ ಆಯ್ತಾ?” ಎಂದಳು.

“ಹಾಗೇ ಕಾಣ್ತದೆ ಮಗಳೆ. ಸಣ್ಣ ಕುರ್ಚಿ, ಆದರೂ ಕುರ್ಚಿಯೇ ತಾನೆ.”

“ಒಂದು ಕುರ್ಚಿಗೆ ಮುಕ್ಕಾಲು ಕಿಲೋಮೀಟ್ರು. ಹಂಗಾದ್ರೆ ಇಲ್ಲಿ ಇನ್ನೊಂದು ಕುರ್ಚಿ ಬಂದ್ರೆ? ನರ್ಸಮ್ಮಂದು, ಪೋಸ್ಟ್ ಮಾಸ್ಟ್ರದು?”

“ಅಳೆದವರಿಲ್ಲವಮ್ಮ. ಯಾರಾದರೂ ಬಂದು ಕೂತ ಮೇಲಲ್ಲವೆ ಅಳೆಯೋದು” ಎಂದರು ಗೌಸ್ ಸಾಹೇಬರು.

ದಾಕ್ಷಿ ನೋಟುಬುಕ್ಕಿನ ಹಿಂದಿನ ಹಾಳೆ ತಿರುಗಿಸಿ ಏನೋ ಗುಣಿಸಿದಳು, ಕಳೆದಳು, ಅಳಿಸಿ ಮತ್ತೆ ಮಾಡಿದಳು. ಆಮೇಲೆ ಪುಸ್ತಕವನ್ನು ನನ್ನ ಕಡೆ ತಳ್ಳಿದಳು.

“ನಾವು ಹನ್ನೊಂದು ಜನ ಅದೀವಿ ಅತ್ತೆ” ಎಂದಳು.

ನಾನು ಲೆಕ್ಕ ನೋಡಿದೆ. ಹನ್ನೊಂದು ಜನಕ್ಕೆ ಹನ್ನೊಂದು ಕುರ್ಚಿ, ಕುರ್ಚಿಗೆ ಮುಕ್ಕಾಲರ ಹಾಗೆ ಎಂಟೂಕಾಲು. ಹನ್ನೆರಡೂಕಾಲರಲ್ಲಿ ಎಂಟೂಕಾಲು ಕಳೆದಿದ್ದಳು. ಕನ್ನಡಕ ಹಾಕಿಕೊಂಡು ನಾನೂ ಒಂದು ಸಲ ಮಾಡಿ ನೋಡಿದೆ, ಗೌಸ್ ಸಾಹೇಬರೂ ಬೆರಳು ಮಡಿಸಿ ಎಣಿಸಿದರು. ಮೂವರಿಗೂ ನಾಲ್ಕೇ ಬಂತು.